ಅಭಿಮಾನಿಯ ಮಾತು, ಅಳಿಸಿದ ಹೆಸರು

ಕಳೆದ ತಿಂಗಳ ನಮ್ಮ ಕೂಟದಲ್ಲಿ ಒಂದು ಸಣ್ಣ ಜಗಳವೇ ಆಯಿತು. ಮುಂಬಯಿಯ ಈ ಪುಟ್ಟ ಬಳಗಕ್ಕೆ ಈಚೆಗೆ ಬರತೊಡಗಿದ ತರುಣ ಸದಸ್ಯರೊಬ್ಬರು ನಮ್ಮ ಲೇಖನಮಾಲೆಗೆಂದು ಒಂದು ಬರಹವನ್ನು ತಂದಿದ್ದರು. ಸೂಪರ್‌ಹೀರೋ ಚಿತ್ರಗಳಲ್ಲಿ ತಮಗೆ ಯಾವುದು ಮೆಚ್ಚು, ಯಾವ ವಿಡಿಯೋ ಗೇಮ್ ಮೊದಲಿನ ಸೊಗಸನ್ನು ಕಳೆದುಕೊಂಡಿದೆ, ತಮ್ಮ ಮೆಚ್ಚಿನ ಫುಟ್‌ಬಾಲ್ ತಂಡ ಏಕೆ ಮೇಲಿಂದ ಮೇಲೆ ಸೋಲುತ್ತಿದೆ, ಹೀಗೆ ಮೂರು ವಿಷಯಗಳ ಮೇಲೆ ಲಘು ಧಾಟಿಯ ಅಭಿಪ್ರಾಯಗಳು. ಓದು ಮುಗಿದಾಗ ಹಿರಿಯರೊಬ್ಬರು, “ಇದೆಲ್ಲ ಕಾಫಿ ಕುಡಿಯುತ್ತ ಆಡುವ ಮಾತಪ್ಪ, ಇದನ್ನು ಬರೆದಿಡುವುದೇಕೆ?” ಎಂದರು. ತರುಣರು ಮುನಿಯಲಿಲ್ಲ. “ಸಿನಿಮಾ ಮುಗಿದೊಡನೆ ಎಲ್ಲರೂ ಎದ್ದು ಹೋಗುತ್ತಾರೆ ಸರ್. ಹೆಸರುಗಳು ಮುಗಿಯುವ ತನಕ ಕೂತಿರುವವರು ನಾವು ಮಾತ್ರ” ಎಂದಷ್ಟೇ ಹೇಳಿದರು.

ಆ ಮಾತು ನಮ್ಮನ್ನು ಬಿಡಲಿಲ್ಲ. 2008ರ ‘ಐರನ್ ಮ್ಯಾನ್’ ಚಿತ್ರದ ಕೊನೆಯಲ್ಲಿ, ಎಲ್ಲ ಹೆಸರುಗಳೂ ಹಾದುಹೋದ ಮೇಲೆ, ಮುಂದಿನ ಕಥೆಯ ಸುಳಿವು ಕೊಡುವ ಒಂದು ಕಿರುದೃಶ್ಯವಿತ್ತು. ಅಂದಿನಿಂದ ಇಂಥ ಚಿತ್ರಗಳ ಅಭಿಮಾನಿಗಳು ದೀಪ ಹತ್ತಿದ ಮೇಲೂ ಕುರ್ಚಿ ಬಿಟ್ಟು ಏಳುವುದಿಲ್ಲ. ಅವರು ಕಾಯುವುದು ದೃಶ್ಯಕ್ಕಾಗಿ, ನಿಜ. ಆದರೆ ಅಷ್ಟು ಹೊತ್ತು ಅವರ ಕಣ್ಣೆದುರು ಹಾಯುವುದು ದುಡಿದವರ ಹೆಸರುಗಳು. ಸಿನಿಮಾ, ಆಟ, ಕ್ರೀಡೆ ಮೂರರ ಚರಿತ್ರೆಯನ್ನೂ ಹೊರಳಿಸಿ ನೋಡಿದಾಗ ನಮಗೆ ಮತ್ತೆ ಮತ್ತೆ ಎದುರಾದದ್ದು ಇದೇ ಸಂಗತಿ: ಒಡೆಯರು ಅಳಿಸಿದ ಹೆಸರನ್ನು ಅನೇಕ ಸಲ ಉಳಿಸಿದವನು ಅಭಿಮಾನಿ. ಅದೂ ಯಾರೂ ಲೆಕ್ಕಕ್ಕಿಡದ ಹಗುರ ಮಾತಿನಲ್ಲಿ.

ಮೊದಲು ಪದವನ್ನೇ ನೋಡೋಣ. ಇಂಗ್ಲಿಷಿನ ‘ಫ್ಯಾನ್’ ಎಂಬುದು ‘ಫೆನಾಟಿಕ್’ ಎಂಬುದರ ಮೊಟಕುರೂಪ. ಅದರ ಮೂಲ ದೇವಾಲಯವೆಂಬ ಅರ್ಥದ ಲ್ಯಾಟಿನ್ ಪದ. ಗುಡಿಯಲ್ಲಿ ಮೈಮೇಲೆ ಬಂದವನಂತೆ ಆಡುವವನು ಎಂಬ ತಾತ್ಸಾರ ಅದರೊಳಗೆ ಹುದುಗಿದೆ. ನಮ್ಮ ‘ಅಭಿಮಾನ’ದ ದಾರಿ ಬೇರೆ. ಶಾಸ್ತ್ರದ ಮಾತಿನಲ್ಲಿ ಅದು ‘ನನ್ನದು’ ಎಂಬ ಭಾವ, ಕಳೆಯಬೇಕಾದ ದೋಷ. ಬಳಕೆಯ ಮಾತಿನಲ್ಲಿ ಹೆಮ್ಮೆ ಮತ್ತು ಪ್ರೀತಿ. ಡಾ. ರಾಜ್‌ಕುಮಾರ್ ಅವರಂತೂ ತಮ್ಮ ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳು’ ಎಂದೇ ಕರೆದರು. ಅಲ್ಲಿ ಗುಡಿಯ ಹುಚ್ಚನಾದವನು ಇಲ್ಲಿ ಗರ್ಭಗುಡಿಯನ್ನೇ ಸೇರಿದ. ನಿಜಸ್ಥಿತಿ ಇವೆರಡರ ನಡುವೆ ಎಲ್ಲೋ ಇದೆ.

ಅಮೆರಿಕದಲ್ಲಿ ಅಭಿಮಾನಿಗಳು ಒಬ್ಬರನ್ನೊಬ್ಬರು ಗುರುತಿಸಿದ್ದು ಅಂಚೆಯ ಮೂಲಕ. ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರಲ್ಲಿ ಆರಂಭಿಸಿದ ‘ಅಮೇಜಿಂಗ್ ಸ್ಟೋರೀಸ್’ ಎಂಬ ವಿಜ್ಞಾನಕಥಾ ಪತ್ರಿಕೆ ಓದುಗರ ಪತ್ರಗಳನ್ನು ಅವರ ವಿಳಾಸಸಮೇತ ಅಚ್ಚುಹಾಕುತ್ತಿತ್ತು. ಸಂಪಾದಕರಿಗೆ ಬರೆಯುತ್ತಿದ್ದ ಓದುಗರು ಕ್ರಮೇಣ ತಮ್ಮತಮ್ಮಲ್ಲೇ ಬರೆದುಕೊಳ್ಳತೊಡಗಿದರು, ಬಳಿಕ ತಮ್ಮದೇ ಕಿರುಪತ್ರಿಕೆಗಳನ್ನು ಹೊರಡಿಸಿದರು. ಕ್ಲೀವ್‌ಲ್ಯಾಂಡ್ ನಗರದ ಹೈಸ್ಕೂಲು ಗೆಳೆಯರಾದ ಜೆರ್‍ರಿ ಸೀಗಲ್ ಮತ್ತು ಜೋ ಶುಸ್ಟರ್ ಅಂಥವರೇ. 1933ರ ಜನವರಿಯಲ್ಲಿ ತಮ್ಮ ಕಿರುಪತ್ರಿಕೆಯಲ್ಲಿ ಅವರು ‘ಸೂಪರ್‌ಮ್ಯಾನ್’ ಎಂಬ ಹೆಸರನ್ನು ಮೊದಲು ಬಳಸಿದ್ದು ಒಬ್ಬ ಖಳನಿಗೆ. ಅದೇ ಹೆಸರು ನಾಯಕನದಾಗಿ 1938ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡಿತು. ಅಷ್ಟರಲ್ಲಿ ಇಬ್ಬರೂ ಆ ಪಾತ್ರದ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟಿದ್ದರು. ಹತ್ತು ವರ್ಷಗಳ ತರುವಾಯ ನ್ಯಾಯಾಲಯಕ್ಕೆ ಹೋದಾಗ ದೊರೆತದ್ದು ಅಲ್ಪ ಪರಿಹಾರ; ಕಳೆದದ್ದು ಪುಟದ ಮೇಲಿನ ತಮ್ಮ ಹೆಸರು. 1975ರಲ್ಲಿ ಸೂಪರ್‌ಮ್ಯಾನ್ ಚಲನಚಿತ್ರದ ಸುದ್ದಿ ಹಬ್ಬಿದಾಗ ಸೀಗಲ್ ಗುಮಾಸ್ತರಾಗಿದ್ದರು, ಶುಸ್ಟರ್ ಅವರ ಕಣ್ಣು ಹೆಚ್ಚುಕಡಿಮೆ ಕಾಣದಾಗಿತ್ತು. ಆ ಕಥೆಗಳನ್ನು ಓದಿ ಬೆಳೆದು ಚಿತ್ರಕಾರರಾಗಿದ್ದ ನೀಲ್ ಆ್ಯಡಮ್ಸ್ ಮೊದಲಾದವರು ಪತ್ರಿಕೆಗಳ ಬಾಗಿಲು ತಟ್ಟಿದರು. ಕಂಪನಿ ಮಣಿದು ಇಬ್ಬರಿಗೂ ವರ್ಷಕ್ಕೆ 20,000 ಡಾಲರುಗಳ ಭತ್ಯೆಯನ್ನು ಒಪ್ಪಿತು. ಅದಕ್ಕಿಂತ ಮಿಗಿಲಾಗಿ, ಅವರ ಹೆಸರು ಸೂಪರ್‌ಮ್ಯಾನ್‌ನ ಪಕ್ಕಕ್ಕೆ ಮರಳಿತು. 1978ರ ಚಿತ್ರದಲ್ಲಿ ಆ ಎರಡು ಹೆಸರುಗಳು ತೆರೆಯ ಮೇಲೆ ಮೂಡಿದವು.

ಬ್ಯಾಟ್‌ಮನ್‌ನ ಕಥೆ ಇನ್ನೂ ಕಹಿ. 1939ರಲ್ಲಿ ಹುಟ್ಟಿದ ಈ ಪಾತ್ರಕ್ಕೆ ಕರ್ತೃವೆಂದು ಅಚ್ಚಾಗುತ್ತಿದ್ದ ಹೆಸರು ಬಾಬ್ ಕೇನ್ ಒಬ್ಬರದೇ. ಆದರೆ ಕೇನ್ ಮೊದಲು ಬರೆದದ್ದು ಕೆಂಪು ಉಡುಪಿನ, ಗಡುಸು ರೆಕ್ಕೆಗಳ ಒಂದು ಆಕೃತಿಯನ್ನು. ಕಪ್ಪು ಮೇಲಂಗಿ, ಕಿವಿಯುಳ್ಳ ಮುಖವಾಡ, ಬೂದು ಬಣ್ಣ, ಗೋಥಮ್ ಎಂಬ ಊರಿನ ಹೆಸರು ಇವೆಲ್ಲ ಬಿಲ್ ಫಿಂಗರ್ ಎಂಬ ಬರಹಗಾರರ ಕೊಡುಗೆ. ಫಿಂಗರ್ ಕಥೆ ಬರೆಯುತ್ತ ಹೋದರು. ಒಡಂಬಡಿಕೆಯ ಕಾಗದದಲ್ಲಿ ಅವರ ಹೆಸರಿರಲಿಲ್ಲ.

ಇದನ್ನು ಮೊದಲು ಅಚ್ಚಿನಲ್ಲಿ ಹೇಳಿದವರು ಇತಿಹಾಸಕಾರರಲ್ಲ, ಪತ್ರಕರ್ತರಲ್ಲ. ಡೆಟ್ರಾಯಿಟ್‌ನ ಕಾಲೇಜು ಅಧ್ಯಾಪಕ ಜೆರ್‍ರಿ ಬೇಲ್ಸ್ ಎಂಬ ಕಟ್ಟಾ ಅಭಿಮಾನಿ 1965ರಲ್ಲಿ ನ್ಯೂಯಾರ್ಕಿನ ಅಭಿಮಾನಿಗಳ ಸಮಾವೇಶದಲ್ಲಿ ಫಿಂಗರ್ ಅವರನ್ನು ಕಂಡು ಮಾತಾಡಿಸಿ, ತಮ್ಮಂಥ ಕೆಲವೇ ಓದುಗರ ನಡುವೆ ಹರಿದಾಡುತ್ತಿದ್ದ ಕಿರುಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಕೇನ್ ಸಿಟ್ಟಿನಿಂದ ದೀರ್ಘ ಪತ್ರ ಬರೆದು ಅದನ್ನು ಅಲ್ಲಗಳೆದರು. ಫಿಂಗರ್ 1974ರಲ್ಲಿ ತೀರಿಕೊಂಡರು. 1989ರ ‘ಬ್ಯಾಟ್‌ಮನ್’ ಚಿತ್ರವನ್ನು ಲೋಕವೆಲ್ಲ ನೋಡಿತು. ತೆರೆಯ ಮೇಲೆ ಫಿಂಗರ್ ಹೆಸರಿರಲಿಲ್ಲ. ಆದರೆ ಆ ಕಿರುಲೇಖನದ ಮಾತನ್ನು ಅಭಿಮಾನಿಗಳು ಕೈಯಿಂದ ಕೈಗೆ ದಾಟಿಸಿದರು. ಕೇನ್ ಕೂಡ ಮುಂದೆ ತಮ್ಮ ಆತ್ಮಕಥೆಯಲ್ಲಿ ಫಿಂಗರ್‌ಗೆ ಸಲ್ಲಬೇಕಾದದ್ದು ಸಲ್ಲಲಿಲ್ಲವೆಂದು ಒಪ್ಪಿಕೊಂಡರು. 2015ರಲ್ಲಿ ಕಂಪನಿ ಫಿಂಗರ್ ಹೆಸರನ್ನು ಸೇರಿಸಲು ಸಮ್ಮತಿಸಿತು, 2016ರ ‘ಬ್ಯಾಟ್‌ಮನ್ ವರ್ಸಸ್ ಸೂಪರ್‌ಮ್ಯಾನ್’ ಚಿತ್ರದಲ್ಲಿ ಅದು ಬೆಳ್ಳಿತೆರೆಗೆ ಬಂತು. ಒಬ್ಬ ಅಭಿಮಾನಿಯ ಲೇಖನದಿಂದ ತೆರೆಯ ಮೇಲಿನ ಒಂದು ಸಾಲಿಗೆ ಅರ್ಧ ಶತಮಾನದ ನಡಿಗೆ.

ಹಾಗೆಂದು ಅಭಿಮಾನಿಯನ್ನು ನಾವು ದೇವರ ಪೀಠದಲ್ಲಿ ಕೂರಿಸಲು ಹೊರಟಿಲ್ಲ. ಅವನ ಕೈಗೆ ತೀರ್ಪು ಕೊಟ್ಟಾಗ ಏನಾಗುತ್ತದೆಂಬುದಕ್ಕೂ ದಾಖಲೆಯಿದೆ. 1988ರಲ್ಲಿ ಬ್ಯಾಟ್‌ಮನ್ ಕಥೆಯ ಕಿರಿಯ ಸಂಗಾತಿ ಜೇಸನ್ ಟಾಡ್ ಬದುಕಬೇಕೋ ಸಾಯಬೇಕೋ ಎಂಬುದನ್ನು ಪ್ರಕಾಶಕರು ಓದುಗರಿಗೇ ಬಿಟ್ಟರು. ಎರಡು ದೂರವಾಣಿ ಸಂಖ್ಯೆ, ಒಂದೊಂದು ಕರೆಗೆ 50 ಸೆಂಟು, 36 ಗಂಟೆಗಳ ಅವಧಿ. ಸಾಯಲಿ ಎಂದವರ ಕರೆ 5,343. ಬದುಕಲಿ ಎಂದವರದು 5,271. ಎಪ್ಪತ್ತೆರಡು ಕರೆಗಳ ಅಂತರದಲ್ಲಿ ಆ ಹುಡುಗ ಸತ್ತ. ಒಬ್ಬನೇ ಯಂತ್ರದ ನೆರವಿನಿಂದ ಮತ್ತೆ ಮತ್ತೆ ಕರೆ ಮಾಡಿದನೆಂಬ ವದಂತಿಯನ್ನು ಸಂಪಾದಕ ಡೆನಿಸ್ ಓನೀಲ್ ಅವರೇ ಮುಂದೆ ಹೇಳಿಕೊಂಡರು. 2017ರ ‘ಜಸ್ಟಿಸ್ ಲೀಗ್’ ಚಿತ್ರದ ನಿರ್ದೇಶಕ ಝ್ಯಾಕ್ ಸ್ನೈಡರ್ ಮಗಳ ಸಾವಿನ ದುಃಖದಲ್ಲಿ ನಡುವೆಯೇ ಕೈಬಿಟ್ಟಿದ್ದರು. ಅವರ ರೂಪದಲ್ಲೇ ಅದನ್ನು ಬಿಡುಗಡೆ ಮಾಡಿರೆಂದು ಅಭಿಮಾನಿಗಳು ವರ್ಷಗಟ್ಟಲೆ ಕೂಗಿದರು. ಆತ್ಮಹತ್ಯೆ ತಡೆಯುವ ಸಂಸ್ಥೆಗೆ ಅವರು ಲಕ್ಷಗಟ್ಟಲೆ ಡಾಲರು ಕೂಡಿಸಿಕೊಟ್ಟದ್ದೂ ನಿಜ, ಒಪ್ಪದವರನ್ನು ಹೀನಾಯವಾಗಿ ಬೈದದ್ದೂ ನಿಜ. ಚಿತ್ರ 2021ರಲ್ಲಿ ಹೊರಬಂತು. ಆ ಕೂಗಿನಲ್ಲಿ ಪಾಲ್ಗೊಂಡ ಖಾತೆಗಳಲ್ಲಿ ಕನಿಷ್ಠ 13 ಪ್ರತಿಶತ ನಕಲಿ ಎಂದು ಕಂಪನಿಯೇ ಮಾಡಿಸಿದ ಪರಿಶೀಲನೆ ಹೇಳಿತೆಂಬುದು ಮರುವರ್ಷ ವರದಿಯಾಯಿತು. ಎಣಿಕೆಯಾಗಿ ನಿಂತ ಅಭಿಮಾನವನ್ನು ಸುಲಭವಾಗಿ ನಕಲು ಮಾಡಬಹುದು. ಬೇಲ್ಸ್ ಮಾಡಿದ ಕೆಲಸ ಬೇರೆ ಬಗೆಯದು: ಅವರು ಮತ ಹಾಕಲಿಲ್ಲ, ಹೋಗಿ ಕೇಳಿದರು, ಕೇಳಿದ್ದನ್ನು ತಮ್ಮ ಹೆಸರು ಹಾಕಿ ಬರೆದರು.

ವಿಡಿಯೋ ಗೇಮ್‌ಗಳ ಚರಿತ್ರೆಯಲ್ಲಿಯೂ ಇಂಥದ್ದೇ ಒಂದು ಪ್ರಸಂಗವಿದೆ. ಈ ಆಟಗಳು ಹುಟ್ಟಿದ್ದೇ ಅಭಿಮಾನಿಗಳ ಕೈಯಲ್ಲಿ. 1962ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ‘ಸ್ಪೇಸ್‌ವಾರ್’ ರಚಿಸಿದ್ದು ತಾವು ಮೆಚ್ಚಿ ಓದುತ್ತಿದ್ದ ಬಾಹ್ಯಾಕಾಶದ ಸಾಹಸಕಥೆಗಳ ಗುಂಗಿನಲ್ಲಿ. ಅದಕ್ಕೆ ಬೆಲೆಯಿರಲಿಲ್ಲ, ಒಡೆಯನಿರಲಿಲ್ಲ. ಆಡಿದವರೇ ತಿದ್ದಿ ಬೆಳೆಸಿದರು. ಮುಂದಿನ ದಶಕದಲ್ಲಿ ಅದೇ ಕಸುಬು ಉದ್ಯಮವಾಯಿತು. ಅಟಾರಿ ಕಂಪನಿ ಮಾರುತ್ತಿದ್ದ ಆಟಗಳ ಪೆಟ್ಟಿಗೆಯ ಮೇಲೆ ಅದನ್ನು ರಚಿಸಿದವರ ಹೆಸರಿರುತ್ತಿರಲಿಲ್ಲ. ಒಂದು ಆಟವನ್ನು ಸಾಮಾನ್ಯವಾಗಿ ಒಬ್ಬನೇ ಕುಳಿತು ರೂಪಿಸುತ್ತಿದ್ದ ಕಾಲವದು. ಹಾಗಿದ್ದೂ ಅವನು ಅನಾಮಧೇಯ.

ವಾರನ್ ರಾಬಿನೆಟ್ ಎಂಬ ತರುಣ ಅದಕ್ಕೊಂದು ಉಪಾಯ ಹೂಡಿದರು. ‘ಅಡ್ವೆಂಚರ್’ ಎಂಬ ತಮ್ಮ ಆಟದೊಳಗೆ ಒಂದು ಗುಪ್ತ ಕೋಣೆಯನ್ನು ಮಾಡಿ, ಕಣ್ಣಿಗೆ ಬೀಳದಷ್ಟು ಸಣ್ಣ ಚುಕ್ಕೆಯೊಂದನ್ನು ಹೊತ್ತು ತಂದವನಿಗೆ ಮಾತ್ರ ಅದರ ಗೋಡೆ ದಾರಿ ಬಿಡುವಂತೆ ರಚಿಸಿದರು. ಒಳಗಿದ್ದದ್ದು ನಿಧಿಯಲ್ಲ, ಖಡ್ಗವಲ್ಲ. ಇದನ್ನು ರಚಿಸಿದವನು ವಾರನ್ ರಾಬಿನೆಟ್ ಎಂಬ ಒಂದು ಸಾಲು. ಯಾರಿಗೂ ತಿಳಿಸದೆ ಅವರು ಕೆಲಸ ಬಿಟ್ಟು ಹೋದರು. ಆಟ ಮಾರುಕಟ್ಟೆಗೆ ಬಂದ ಬಳಿಕ ಸಾಲ್ಟ್ ಲೇಕ್ ಸಿಟಿಯ ಒಬ್ಬ ಹದಿಹರೆಯದ ಹುಡುಗ, ಬಿಡದೆ ಆಡಿ ಆಡಿ, ಆ ಕೋಣೆಯನ್ನು ಕಂಡುಹಿಡಿದು ಕಂಪನಿಗೆ ಕಾಗದ ಬರೆದ. ಹೆಸರನ್ನು ಅಳಿಸಬೇಕಾದರೆ ಚಿಪ್ಪನ್ನೇ ಹೊಸದಾಗಿ ಮಾಡಿಸಬೇಕಿತ್ತು. ವೆಚ್ಚಕ್ಕೆ ಅಂಜಿ ಕಂಪನಿ ಸುಮ್ಮನಾಯಿತು. ಆಟದಲ್ಲಿ ಅಡಗಿಸಿಟ್ಟ ಇಂಥ ಗುಟ್ಟಿಗೆ ‘ಈಸ್ಟರ್ ಮೊಟ್ಟೆ’ ಎಂಬ ಹೆಸರು ಹಬ್ಬಿದ್ದು ಆ ಪ್ರಸಂಗದಿಂದ. ಇಂದು ಸೂಪರ್‌ಹೀರೋ ಚಿತ್ರದ ಮೂಲೆಯಲ್ಲಿ ಕಾಣುವ ಚೂರು ಸುಳಿವನ್ನೂ ನಮ್ಮ ತರುಣರು ಇದೇ ಪದದಿಂದ ಕರೆಯುತ್ತಾರೆ. ಅದರ ಮೂಲದಲ್ಲಿ ಇರುವುದು, ಮಾಡಿದ ಕೆಲಸಕ್ಕೆ ತನ್ನ ಹೆಸರನ್ನು ಬಯಸಿದ ಒಬ್ಬ ನೌಕರ ಮತ್ತು ಅವನನ್ನು ಹುಡುಕಿ ತೆಗೆದ ಒಬ್ಬ ಆಟಗಾರ ಹುಡುಗ.

ಅಭಿಮಾನಿಗಳ ಮಾತು ಉಬ್ಬುವುದೂ ಉಂಟು. ಅದೇ ಅಟಾರಿಯ ‘ಇ.ಟಿ.’ ಎಂಬ ಆಟ, ಸುಮಾರು ಐದು ವಾರಗಳಲ್ಲಿ ಅವಸರದಿಂದ ಸಿದ್ಧವಾಗಿ 1982ರ ಕೊನೆಗೆ ಬಂದು, ಸೋತುಹೋಯಿತು. ಲಕ್ಷಗಟ್ಟಲೆ ಪ್ರತಿಗಳನ್ನು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಹೂಳಿದ್ದಾರೆಂದು ಮೂವತ್ತು ವರ್ಷ ಅಭಿಮಾನಿಗಳು ಹೇಳುತ್ತ ಬಂದರು. ಕಟ್ಟುಕಥೆಯೆಂದು ನಕ್ಕವರೂ ಇದ್ದರು. 2014ರ ಏಪ್ರಿಲ್‌ನಲ್ಲಿ ಆಲಮಗಾರ್ಡೋ ಪಟ್ಟಣದ ಕಸದ ಗುಂಡಿಯನ್ನು ಅಗೆದಾಗ ಆಟದ ಪೆಟ್ಟಿಗೆಗಳು ಸಿಕ್ಕವು. ಮೇಲೆತ್ತಿದ್ದು ಸುಮಾರು 1,300. ಅವುಗಳಲ್ಲಿ ‘ಇ.ಟಿ.’ ಮಾತ್ರವಲ್ಲ, ಚೆನ್ನಾಗಿ ಮಾರಾಟವಾಗಿದ್ದ ಬೇರೆ ಆಟಗಳೂ ಇದ್ದವು. ಕಥೆ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅಭಿಮಾನಿಯ ಮಾತನ್ನು ಹೀಗೆ ಅಗೆದೇ ನೋಡಬೇಕು. ನಕ್ಕು ಬಿಡಲಾಗದು, ನಂಬಿ ಬಿಡಲೂ ಆಗದು.

ಇಲ್ಲಿಯವರೆಗೆ ಹೇಳಿದ್ದು ಕಥೆ ಕಟ್ಟಿದವರ, ಆಟ ರಚಿಸಿದವರ ಹೆಸರಿನ ಮಾತು. ಫುಟ್‌ಬಾಲಿನಲ್ಲಿ ಅಭಿಮಾನಿಗಳು ತಮ್ಮದೇ ಹೆಸರಿಗಾಗಿ, ತಮ್ಮವರ ಹೆಣಗಳ ಗೌರವಕ್ಕಾಗಿ ಹೋರಾಡಬೇಕಾಯಿತು. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಲ್ಸ್‌ಬರೋ ಮೈದಾನದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳ ನಡುವೆ ಎಫ್‌ಎ ಕಪ್‌ನ ಸೆಮಿಫೈನಲ್ ಪಂದ್ಯ. ನಿಂತು ನೋಡುವವರ ಜಾಗವನ್ನು ಕಬ್ಬಿಣದ ಬೇಲಿಗಳಿಂದ ದೊಡ್ಡಿಗಳಂತೆ ವಿಂಗಡಿಸಿದ್ದರು. ಹೊರಗೆ ಜನಸಂದಣಿ ಹೆಚ್ಚಿದಾಗ ಪೊಲೀಸ್ ಅಧಿಕಾರಿಯ ಆಜ್ಞೆಯಂತೆ ಒಂದು ದೊಡ್ಡ ಬಾಗಿಲನ್ನು ತೆರೆದರು. ಆಗಲೇ ತುಂಬಿದ್ದ ನಡುವಿನ ದೊಡ್ಡಿಗಳಿಗೆ ಹೋಗುವ ಸುರಂಗವನ್ನು ಮಾತ್ರ ಮುಚ್ಚಲಿಲ್ಲ. ಬೇಲಿಗೆ ಒತ್ತಿ, ಉಸಿರುಗಟ್ಟಿ ಜನ ಸತ್ತರು. ಅಂದಿನ ಗಾಯಗಳಿಂದ 2021ರಲ್ಲಿ ತೀರಿಕೊಂಡವರನ್ನೂ ಸೇರಿಸಿ ಸತ್ತವರು 97. ಎಲ್ಲರಿಗಿಂತ ಕಿರಿಯ ಬಾಲಕನಿಗೆ ಹತ್ತು ವರ್ಷ.

ಅಭಿಮಾನಿಗಳೇ ಬಾಗಿಲನ್ನು ಮುರಿದು ನುಗ್ಗಿದರೆಂಬ ಸುಳ್ಳು ಆ ಮಧ್ಯಾಹ್ನವೇ ಹುಟ್ಟಿತು. ಮಕ್ಕಳನ್ನೂ ಬಿಡದೆ ಸತ್ತವರ ರಕ್ತದಲ್ಲಿ ಮದ್ಯದ ಅಂಶವಿದೆಯೇ ಎಂದು ಪರೀಕ್ಷಿಸಿದರು. ಕೆಲವೇ ದಿನಗಳಲ್ಲಿ ‘ದಿ ಸನ್’ ಪತ್ರಿಕೆ, ‘ಸತ್ಯ’ ಎಂಬ ತಲೆಬರಹದಡಿ, ಅಭಿಮಾನಿಗಳು ಹೆಣಗಳ ಜೇಬು ಕತ್ತರಿಸಿದರೆಂಬ ಆರೋಪವನ್ನು ಮುಖಪುಟದಲ್ಲಿ ಹಾಕಿತು. ಮೈದಾನದಲ್ಲಿದ್ದ ಸಾವಿರಾರು ಮಂದಿ ತಾವು ಕಂಡದ್ದನ್ನು ಹೇಳುತ್ತಲೇ ಇದ್ದರು. ಆದರೆ ಅವರು ‘ಬರಿಯ ಅಭಿಮಾನಿಗಳು’. ಕುಡುಕರು, ಪುಂಡರು ಎಂಬ ಹಣೆಪಟ್ಟಿ ಮೊದಲೇ ಸಿದ್ಧವಿತ್ತು. ದುರಂತದ ವರ್ಷವೇ ನ್ಯಾಯಮೂರ್ತಿ ಟೇಲರ್ ಅವರ ವರದಿ ಮುಖ್ಯ ಕಾರಣ ಪೊಲೀಸರ ನಿಯಂತ್ರಣದ ವೈಫಲ್ಯವೆಂದು ಹೇಳಿದರೂ 1991ರ ವಿಚಾರಣೆ ಇದನ್ನು ಆಕಸ್ಮಿಕ ಸಾವೆಂದಿತು. ಮನೆಯವರೂ ಅಭಿಮಾನಿಗಳೂ ಬಿಡಲಿಲ್ಲ. ಲಿವರ್‌ಪೂಲಿನ ಜನ ಆ ಪತ್ರಿಕೆಯನ್ನು ಕೊಳ್ಳುವುದನ್ನೇ ನಿಲ್ಲಿಸಿದರು. 2012ರಲ್ಲಿ ಸ್ವತಂತ್ರ ಸಮಿತಿಯೊಂದು ಕಡತಗಳನ್ನು ಬಿಚ್ಚಿದಾಗ ಪೊಲೀಸರ 164 ಹೇಳಿಕೆಗಳನ್ನು ತಿದ್ದಿದ್ದು ಹೊರಬಿತ್ತು. ಅವುಗಳಲ್ಲಿ 116ರಲ್ಲಿ ಪೊಲೀಸರಿಗೆ ಪ್ರತಿಕೂಲವಾದ ಮಾತುಗಳನ್ನು ತೆಗೆದುಹಾಕಿದ್ದರು ಇಲ್ಲವೆ ಬದಲಿಸಿದ್ದರು. 2016ರ ಏಪ್ರಿಲ್ 26ರಂದು ಹೊಸ ಜ್ಯೂರಿ ಹೇಳಿತು: ಇವು ಕಾನೂನುಬಾಹಿರವಾಗಿ ಸಂಭವಿಸಿದ ಸಾವುಗಳು, ಅಭಿಮಾನಿಗಳ ನಡತೆ ಇದಕ್ಕೆ ಕಾರಣವಲ್ಲ. ಇಪ್ಪತ್ತೇಳು ವರ್ಷ ಅವರು ಹೇಳುತ್ತ ಬಂದದ್ದು ಇಷ್ಟನ್ನೇ. ಆನ್‌ಫೀಲ್ಡ್ ಮೈದಾನದ ಸ್ಮಾರಕದಲ್ಲಿ ಆ ಹೆಸರುಗಳನ್ನೆಲ್ಲ ಕೆತ್ತಿದ್ದಾರೆ.

ಇಷ್ಟು ದೂರದ ಕಥೆಗಳನ್ನು ಓದಿದ ಮೇಲೆ ನಮ್ಮ ಮನೆಯಂಗಳದತ್ತ ನೋಡದಿರಲಾದೀತೇ? ಮುಂಬಯಿಯಲ್ಲಿ 1891ರಲ್ಲಿ ಬ್ರಿಟಿಷರು ಆರಂಭಿಸಿದ ರೋವರ್ಸ್ ಕಪ್ ಪಂದ್ಯಾವಳಿ ಬಹುಕಾಲ ಸೈನಿಕ ತಂಡಗಳ ಸ್ವತ್ತಾಗಿತ್ತು. ಆ ಬಟ್ಟಲನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರಿನದು: 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್, ಮರುವರ್ಷ ಮತ್ತೆ ಅದೇ ತಂಡ. ಕೋಲ್ಕತ್ತದಲ್ಲಿ ಈಸ್ಟ್ ಬೆಂಗಾಲ್ ತಂಡದ ಮುಂಪಡೆಯಲ್ಲಿ ಆಡಿ, 1949ರಿಂದ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಗೆಲ್ಲಿಸಿದ ದಕ್ಷಿಣದ ಐವರನ್ನು ಅಲ್ಲಿನ ಅಭಿಮಾನಿಗಳು ‘ಪಂಚಪಾಂಡವರು’ ಎಂದು ಕರೆದರು. ಅವರಲ್ಲೊಬ್ಬರು ಬೆಂಗಳೂರಿನ ಅಹ್ಮದ್ ಖಾನ್. ದೇಶ ಒಡೆದು, ಮನೆಮಠ ಬಿಟ್ಟು ಬಂದವರು ತುಂಬಿದ್ದ ಆ ಗ್ಯಾಲರಿ ಅಹ್ಮದ್‌ಗೂ ಸಾಲೇಗೂ ಪಾಂಡವರ ಪಟ್ಟ ಕಟ್ಟಿತೆಂಬುದನ್ನು ನಾವು ಮರೆಯಬಾರದು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ, ಹೆಚ್ಚಿನವರು ಬರಿಗಾಲಲ್ಲೇ ಆಡಿದ ಭಾರತ ತಂಡ ಫ್ರಾನ್ಸ್‌ಗೆ 1–2ರಿಂದ ಸೋತಿತು. ಎರಡು ಪೆನಾಲ್ಟಿಗಳು ಕೈತಪ್ಪಿದ ಆ ಪಂದ್ಯದಲ್ಲಿ ಭಾರತದ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತ ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಹೊಡೆದ ಮೊದಲ ಗೋಲು ಅದು. ಬರಿಗಾಲಿನ ಕಥೆಯನ್ನು ಎಲ್ಲರೂ ಬಲ್ಲರು. ರಾಮನ್ ಎಂಬ ಹೆಸರು?

ಈ ವಿವರಗಳನ್ನು ಈ ತಿಂಗಳ ಕೂಟದಲ್ಲಿ ನಾವು ಓದಿ ಹೇಳಿದಾಗ, ಅಂದು ಆಕ್ಷೇಪಿಸಿದ್ದ ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. ಅವರು ಹದಿನಾಲ್ಕನೆಯ ವಯಸ್ಸಿನಲ್ಲಿ ದಕ್ಷಿಣ ಕನ್ನಡದಿಂದ ಬಂದು, ಕೋಟೆ ಪ್ರದೇಶದ ಹೋಟೆಲೊಂದರಲ್ಲಿ ಲೋಟ ತೊಳೆದು, ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. “ಅರವತ್ತರ ದಶಕದಲ್ಲಿ ಕೂಪರೇಜ್ ಮೈದಾನಕ್ಕೆ ನಾವೂ ಓಡುತ್ತಿದ್ದೆವು. ಟಿಕೆಟಿಗೆ ಕಾಸಿಲ್ಲದ ದಿನ ಹೊರಗೆ ನಿಂತು ಕೂಗು ಕೇಳುತ್ತಿದ್ದೆವು” ಎಂದರು. ಬಳಿಕ, “ನಮ್ಮ ಹೋಟೆಲಿನ ಅಡುಗೆಯವರೊಬ್ಬರಿದ್ದರು. ಬೆಂಗಳೂರಿನ ಹುಡುಗರು ಕಪ್ ಗೆದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ ಅನ್ನುತ್ತಿದ್ದರು. ಹಿಟ್ಟು ರುಬ್ಬುತ್ತ, ಚೆಂಡು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಕೈಮಾಡಿ ತೋರಿಸುತ್ತಿದ್ದರು. ನಾವು ನಗುತ್ತಿದ್ದೆವು, ನಂಬುತ್ತಿರಲಿಲ್ಲ” ಎಂದರು.

ಅವರ ಹೆಸರೇನು ಎಂದು ತರುಣರು ಕೇಳಿದರು, ಲೇಖನಿ ಹಿಡಿದು.

ಹಿರಿಯರು ನೆನಪಿಸಿಕೊಳ್ಳಲು ಬಹಳ ಪ್ರಯತ್ನಿಸಿದರು. “ಎಲ್ಲರೂ ಭಟ್ರು ಅಂತಲೇ ಕರೆಯುತ್ತಿದ್ದೆವಪ್ಪ” ಎಂದರು ಕೊನೆಗೆ.

ಕಪ್ ಗೆದ್ದವರ ಹೆಸರು ಪಟ್ಟಿಯಲ್ಲಿದೆ. ಕಂಡವರ ಮಾತು ಭಟ್ಟರೊಂದಿಗೆ ಹೋಯಿತು, ಅವರ ಹೆಸರಿನೊಂದಿಗೆ. ಆದ್ದರಿಂದ ತರುಣರ ಬರಹವನ್ನು ಪ್ರಕಟಿಸುವುದೆಂದು ನಾವು ನಿರ್ಧರಿಸಿದ್ದೇವೆ. ಒಂದೇ ಒಂದು ಕೋರಿಕೆಯನ್ನು ಅವರ ಮುಂದಿಟ್ಟಿದ್ದೇವೆ: ಯಾವುದು ಮೇಲು, ಯಾವುದು ಕೀಳು ಎಂಬುದರ ಜೊತೆಗೆ ಎಲ್ಲಿ ನೋಡಿದಿರಿ, ಯಾರೊಂದಿಗೆ ನೋಡಿದಿರಿ, ತೆರೆಯ ಕೊನೆಯಲ್ಲಿ ಯಾರ ಹೆಸರು ಓದಿದಿರಿ ಎಂಬುದನ್ನೂ ಬರೆಯಿರಿ. ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ನಮ್ಮ ಓದುಗರಲ್ಲಿಯೂ ಇದೇ ವಿನಂತಿ. ನಿಮ್ಮ ಮನೆಯ ಹಿರಿಯರು ಯಾವುದೋ ಮೈದಾನದ ಬೇಲಿಯಾಚೆ ನಿಂತು ಕಂಡದ್ದನ್ನು ಕಾಫಿಯ ಹೊತ್ತಿನಲ್ಲಿ ಹೇಳಿದರೆ, ದಯವಿಟ್ಟು ನಗಬೇಡಿ. ಬರೆದುಕೊಳ್ಳಿ, ಹೇಳಿದವರ ಹೆಸರನ್ನೂ ಸೇರಿಸಿ.